ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ರುಚಿಯಾದ ರಾತ್ರಿ ಊಟ

ಹಳ್ಳಿಯ ಸಂಸಾರಗಳಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಮಾಡುವ ಊಟ ಸಾಮಾನ್ಯವಾಗಿ ರಾತ್ರಿಯದು. ಬೆಳಿಗ್ಗೆ ಹೊಲಕ್ಕೆ ಹೋಗುವ ಅವಸರ, ಮಧ್ಯಾಹ್ನ ಬುತ್ತಿ. ಬೆಳೆಯುವ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ, ದಿನವಿಡೀ ದುಡಿದವರಿಗೆ ಬೇಕಾದ ಬೇಳೆ, ಕಾಳು, ಸೊಪ್ಪು, ತರಕಾರಿಗಳು ಹೊಟ್ಟೆ ಸೇರಬೇಕಾದದ್ದು ಹೆಚ್ಚಾಗಿ ಈ ಊಟದಲ್ಲಿಯೇ. ಸಾರು ರುಚಿಯಾಗಿದ್ದರೆ ಮುದ್ದೆಯಾಗಲಿ, ರೊಟ್ಟಿಯಾಗಲಿ, ಅನ್ನವಾಗಲಿ ತಾನಾಗಿ ಸೇರುತ್ತದೆ. ಸಾರು ಸಪ್ಪೆಯಾದರೆ ಮಕ್ಕಳು ಕಾಳನ್ನು ತಟ್ಟೆಯ ಅಂಚಿಗೆ ಸರಿಸಿ ಉಪ್ಪಿನಕಾಯಿ ನೆಕ್ಕಿಕೊಂಡು ಏಳುತ್ತಾರೆ.

ಹಲವು ಮನೆಗಳಲ್ಲಿ ರುಚಿ ಎಂದರೆ ಈರುಳ್ಳಿ, ಬೆಳ್ಳುಳ್ಳಿ ಎಂಬ ಭಾವನೆ ಬೇರೂರಿದೆ. ಆದರೆ ಇವೆರಡನ್ನೂ ಬಿಡಬೇಕಾದ ಸಂದರ್ಭಗಳು ಬಂದೇ ಬರುತ್ತವೆ. ಆಗ ಅಡಿಗೆ ಸಪ್ಪೆಯಾಗದಂತೆ, ಪೌಷ್ಟಿಕತೆಯೂ ಕುಂದದಂತೆ ನೋಡಿಕೊಳ್ಳುವ ಬಗೆಯನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಈರುಳ್ಳಿಯನ್ನು ತಿನ್ನಬಾರದು ಎಂದು ಹೇಳುವುದು ಇದರ ಉದ್ದೇಶವಲ್ಲ. ಚಿತ್ರದುರ್ಗ, ಗದಗ, ಧಾರವಾಡ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸಾವಿರಾರು ರೈತರಿಗೆ ಅದೇ ಜೀವನಾಧಾರ. ಈರುಳ್ಳಿ ಇಲ್ಲದ ದಿನವೂ ಊಟ ಕೆಡಬಾರದು ಎಂಬುದಷ್ಟೇ ಇಲ್ಲಿಯ ಮಾತು.

ಯಾವ ಯಾವ ಸಂದರ್ಭಗಳಲ್ಲಿ ಬೇಕಾಗುತ್ತದೆ?

1. ಬೆಲೆ ಏರಿದಾಗ: ಮುಂಗಾರಿನ ಹೊಸ ಈರುಳ್ಳಿ ಮಾರುಕಟ್ಟೆಗೆ ತುಂಬಿ ಬರುವ ಮೊದಲು, ಹಳೆಯ ದಾಸ್ತಾನು ತೀರುತ್ತ ಬರುವ ತಿಂಗಳುಗಳಲ್ಲಿ ಬೆಲೆ ಏರುವುದು ವಾಡಿಕೆ. ಕೊಯ್ಲಿನ ಕಾಲಕ್ಕೆ ಮಳೆ ಹಿಡಿದರೆ ಇನ್ನೂ ಏರುತ್ತದೆ. 1998, 2010, 2013 ಮತ್ತು 2019ರಲ್ಲಿ ಹೀಗೆಯೇ ಆಯಿತು. 2019ರ ಕೊನೆಯಲ್ಲಿ ಕಿಲೋ ಒಂದಕ್ಕೆ 100 ರೂಪಾಯಿ ದಾಟಿತ್ತು. ಆರು ಜನರ ಸಂಸಾರದಲ್ಲಿ ದಿನಕ್ಕೆ 150 ಗ್ರಾಂ ಈರುಳ್ಳಿ ಬಳಸಿದರೆ ತಿಂಗಳಿಗೆ ನಾಲ್ಕೂವರೆ ಕಿಲೋ ಆಗುತ್ತದೆ. ಕಿಲೋಗೆ 25 ರೂಪಾಯಿ ಇದ್ದಾಗ ಇದರ ಖರ್ಚು ಸುಮಾರು 112 ರೂಪಾಯಿ. 100 ರೂಪಾಯಿ ಆದಾಗ 450 ರೂಪಾಯಿ. ಈ ಹೆಚ್ಚಿನ ಹಣವನ್ನು ಬೇಳೆಯ ಬಾಬ್ತಿನಿಂದ ಕಿತ್ತು ಕೊಡುವುದು ಬುದ್ಧಿವಂತಿಕೆಯಲ್ಲ.

2. ವ್ರತ, ಹಬ್ಬ ಮತ್ತು ಮನೆತನದ ಪದ್ಧತಿ: ಶ್ರಾವಣ, ಕಾರ್ತಿಕ ಮಾಸಗಳಲ್ಲಿ, ಸೋಮವಾರ, ಶನಿವಾರಗಳಂದು ಅನೇಕರು ಇವನ್ನು ಬಿಡುತ್ತಾರೆ. ಕೆಲವು ಮನೆತನಗಳಲ್ಲಿ ವರ್ಷವಿಡೀ ಬಳಕೆಯಿಲ್ಲ. ಜೈನರಲ್ಲಿ ಕಟ್ಟುನಿಟ್ಟಾಗಿ ನಡೆಯುವವರು ಗೆಡ್ಡೆಗೆಣಸುಗಳನ್ನೂ ಬಿಡುವುದರಿಂದ ಹಸಿ ಶುಂಠಿಯೂ ಸಲ್ಲದು. ಅಂಥವರಲ್ಲಿ ಅನೇಕರು ಒಣ ಶುಂಠಿಯನ್ನು ಬಳಸುತ್ತಾರೆ.

3. ಜೀರ್ಣದ ತೊಂದರೆ: ಈರುಳ್ಳಿ, ಬೆಳ್ಳುಳ್ಳಿಗಳಲ್ಲಿರುವ ಒಂದು ಬಗೆಯ ಪಿಷ್ಟ ಪದಾರ್ಥ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಮುಂದೆ ಹೋಗಿ ಹುಳಿಯುತ್ತದೆ. ಬಹಳ ಜನರಿಗೆ ಇದರಿಂದ ಏನೂ ತೊಂದರೆಯಿಲ್ಲ. ಕರುಳು ಸೂಕ್ಷ್ಮವಾಗಿರುವ ಕೆಲವರಿಗೆ ಮಾತ್ರ ಹೊಟ್ಟೆ ಉಬ್ಬರ, ನೋವು ಬರುತ್ತದೆ. ಇಂಥವರು ವೈದ್ಯರ ಸಲಹೆ ಪಡೆಯಬೇಕು.

ಈರುಳ್ಳಿ ಬಿಟ್ಟರೆ ಆಗುವ ನಷ್ಟವೇನು?

ನೂರು ಗ್ರಾಂ ಈರುಳ್ಳಿಯಲ್ಲಿ ಸುಮಾರು 86 ಗ್ರಾಂ ನೀರೇ ಇರುತ್ತದೆ. ಸಸಾರಜನಕ ಒಂದೆರಡು ಗ್ರಾಂ ಮಾತ್ರ. ಅದೇ ನೂರು ಗ್ರಾಂ ತೊಗರಿಬೇಳೆ ಅಥವಾ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ. ಆದ್ದರಿಂದ ಈರುಳ್ಳಿ ಬಿಟ್ಟು ಬೇಳೆ ಉಳಿಸಿಕೊಂಡರೆ ನಷ್ಟ ಅಲ್ಪ. ಈರುಳ್ಳಿ ಉಳಿಸಿಕೊಂಡು ಬೇಳೆ ಕಡಿಮೆ ಮಾಡಿದರೆ ನಷ್ಟ ದೊಡ್ಡದು.

ಒಂದು ವಿಷಯವನ್ನು ಮಾತ್ರ ಗಮನದಲ್ಲಿಡಬೇಕು. ಧಾನ್ಯ ಮತ್ತು ಕಾಳುಗಳೊಂದಿಗೆ ಈರುಳ್ಳಿ, ಬೆಳ್ಳುಳ್ಳಿ ಸೇರಿದಾಗ ಅವುಗಳಲ್ಲಿರುವ ಕಬ್ಬಿಣ ಮತ್ತು ಸತುವಿನ ಅಂಶ ದೇಹಕ್ಕೆ ಹೆಚ್ಚಾಗಿ ಒದಗುವ ಸ್ಥಿತಿಗೆ ಬರುತ್ತದೆ ಎಂಬುದನ್ನು ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆಯ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡುಕೊಂಡರು. ಇವೆರಡನ್ನೂ ಬಿಟ್ಟಾಗ ಈ ಅನುಕೂಲವನ್ನು ಬೇರೆ ದಾರಿಯಿಂದ ತುಂಬಿಕೊಳ್ಳಬೇಕು. ಸೊಪ್ಪು ಮತ್ತು ಕಾಳಿನ ಅಡಿಗೆಗೆ ನಿಂಬೆರಸ ಹಿಂಡುವುದು ಸುಲಭವಾದ ದಾರಿ. ನಿಂಬೆಯ 'ಸಿ' ಜೀವಸತ್ವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಕುದಿಸಿದರೆ ಈ ಜೀವಸತ್ವ ನಾಶವಾಗುವುದರಿಂದ ಪಾತ್ರೆಯನ್ನು ಒಲೆಯಿಂದ ಇಳಿಸಿದ ಮೇಲೆಯೇ ರಸ ಹಿಂಡಬೇಕು. ಕಾಳನ್ನು ಮೊಳಕೆ ಬರಿಸಿ ಬಳಸುವುದೂ ಒಳ್ಳೆಯದು. ಊಟವಾದ ಕೂಡಲೇ ಚಹ, ಕಾಫಿ ಕುಡಿಯುವ ರೂಢಿಯಿದ್ದರೆ ಅದನ್ನು ಬಿಡುವುದು ಲೇಸು. ಅವು ಕಬ್ಬಿಣಾಂಶ ರಕ್ತಗತವಾಗುವುದನ್ನು ತಡೆಯುತ್ತವೆ.

ಈರುಳ್ಳಿ ಮಾಡುವ ನಾಲ್ಕು ಕೆಲಸಗಳು

ಈರುಳ್ಳಿ, ಬೆಳ್ಳುಳ್ಳಿಗೆ ಬದಲು ಒಂದೇ ಪದಾರ್ಥವನ್ನು ಹುಡುಕುವುದರಿಂದಲೇ ಅನೇಕರ ಅಡಿಗೆ ಸರಿಹೋಗುವುದಿಲ್ಲ. ಅವು ಅಡಿಗೆಯಲ್ಲಿ ನಾಲ್ಕು ಬೇರೆ ಬೇರೆ ಕೆಲಸಗಳನ್ನು ಮಾಡುತ್ತವೆ. ಯಾವ ಕೆಲಸ ತಪ್ಪಿಹೋಗಿದೆ ಎಂಬುದನ್ನು ತಿಳಿದು, ಆ ಕೆಲಸಕ್ಕೆ ತಕ್ಕ ಪದಾರ್ಥವನ್ನು ಬಳಸಬೇಕು.

ಮೊದಲನೆಯದು ಘಾಟು. ಕತ್ತರಿಸಿದಾಗ, ಜಜ್ಜಿದಾಗ ಗಂಧಕಯುಕ್ತ ಪದಾರ್ಥಗಳು ಬಿಡುಗಡೆಯಾಗಿ ಘಾಟು ಬರುತ್ತದೆ. ಇಂಗಿನ ವಾಸನೆಯೂ ಗಂಧಕಯುಕ್ತ ಪದಾರ್ಥಗಳಿಂದಲೇ ಬರುವುದು. ಆದ್ದರಿಂದ ಎಣ್ಣೆಯಲ್ಲಿ ಅರಳಿಸಿದ ಇಂಗು ಬೆಳ್ಳುಳ್ಳಿಯ ಸ್ಥಾನವನ್ನು ಬಹುಮಟ್ಟಿಗೆ ತುಂಬುತ್ತದೆ. ಅರೆದ ಸಾಸಿವೆ ಮತ್ತು ಶುಂಠಿ ಇದಕ್ಕೆ ಜೊತೆಯಾಗುತ್ತವೆ.

ಎರಡನೆಯದು ಸಿಹಿ. ಈರುಳ್ಳಿ ಹುರಿದಾಗ ನೀರು ಆರಿ ಅದರ ಸಕ್ಕರೆ ಅಂಶ ಮೇಲೆ ಬರುತ್ತದೆ. ಸಾರಿನ ಹುಳಿ, ಖಾರಗಳನ್ನು ಹದಕ್ಕೆ ತರುವುದು ಇದೇ. ಇದರ ಬದಲು ಅಡಿಕೆ ಗಾತ್ರದ ಬೆಲ್ಲ, ಸಿಹಿಗುಂಬಳದ ಹೋಳು, ಗಜ್ಜರಿ ಅಥವಾ ಮೊಳಕೆಕಾಳು ಹಾಕಬಹುದು.

ಮೂರನೆಯದು ಮಂದ. ಅರೆದ ಈರುಳ್ಳಿಯಿಂದ ಸಾರು ನೀರಾಗದೆ ಗಟ್ಟಿಯಾಗುತ್ತದೆ. ಬೆಂದ ಕಾಳನ್ನೇ ಎರಡು ಮೂರು ಚಮಚ ಅರೆದು ಸೇರಿಸಿದರೆ ಅಷ್ಟೇ ಮಂದ ಬರುತ್ತದೆ. ಹುರಿಗಡಲೆ, ತೆಂಗಿನಕಾಯಿ, ಎಳ್ಳು, ಶೇಂಗಾ, ಹುಚ್ಚೆಳ್ಳು ಸಹ ಆಗುತ್ತವೆ. ಇವುಗಳಿಂದ ಸಸಾರಜನಕವೂ ಹೆಚ್ಚುತ್ತದೆ. ಎಳ್ಳಿನಿಂದ ಸುಣ್ಣಾಂಶ ಹೇರಳವಾಗಿ ದೊರೆಯುತ್ತದೆ.

ನಾಲ್ಕನೆಯದು ಹುರಿದ ಪರಿಮಳ. ಕೆಂಪಗೆ ಹುರಿದ ಈರುಳ್ಳಿಯ ಕಂಪಿನ ಬದಲು ಕೆಂಪಗೆ ಹುರಿದ ಕೊಬ್ಬರಿ, ಕಡಲೆಬೇಳೆ, ಉದ್ದಿನಬೇಳೆ, ಕೊತ್ತಂಬರಿ ಬೀಜ, ಜೀರಿಗೆ ಬಳಸಬೇಕು. ಈರುಳ್ಳಿ ಇಲ್ಲದ ಅಡಿಗೆಯಲ್ಲಿ ಹುರಿಯುವ ಕೆಲಸಕ್ಕೆ ಅವಸರ ಮಾಡಲೇಬಾರದು. ಸಣ್ಣ ಉರಿಯಲ್ಲಿ ಒಂದೊಂದನ್ನೂ ಬೇರೆ ಬೇರೆಯಾಗಿ, ಘಮ್ಮೆನ್ನುವವರೆಗೆ ಹುರಿಯಬೇಕು.

ಇಂಗನ್ನು ಬಳಸುವ ಕ್ರಮ

ಇಂಗು ಒಂದು ಗಿಡದ ಬೇರಿನಿಂದ ಒಸರುವ ಅಂಟು. ಆಫ್ಘಾನಿಸ್ತಾನ, ಇರಾನ್ ಮೊದಲಾದ ದೇಶಗಳಿಂದ ಆಮದಾಗುತ್ತದೆ. ನಮ್ಮ ದೇಶದಲ್ಲಿ ಇದನ್ನು ಬೆಳೆಸುವ ಪ್ರಯತ್ನವಾಗಿ 2020ರ ಅಕ್ಟೋಬರಿನಲ್ಲಿ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಸಸಿಗಳನ್ನು ನೆಡಲಾಯಿತು. ಅದು ಚಳಿಯ ಒಣ ಪ್ರದೇಶದ ಬೆಳೆ; ನಮ್ಮ ಹೊಲಗಳಿಗೆ ಹೊಂದುವುದಲ್ಲ.

ಅಂಗಡಿಯ ಪುಡಿ ಇಂಗಿನಲ್ಲಿ ಸಾಮಾನ್ಯವಾಗಿ ಗೋದಿ ಅಥವಾ ಅಕ್ಕಿ ಹಿಟ್ಟು ಮತ್ತು ಗೋಂದು ಬೆರೆತಿರುತ್ತವೆ. ಗೋದಿ ಒಗ್ಗದವರು ಪೊಟ್ಟಣದ ಮೇಲಿನ ವಿವರ ಓದಿ ಕೊಳ್ಳಬೇಕು. ಆರು ಜನರ ಸಾರಿಗೆ ಪುಡಿ ಇಂಗು ಕಾಲು ಚಿಕ್ಕ ಚಮಚ ಸಾಕು. ಗಟ್ಟಿ ಇಂಗಾದರೆ ಹೆಸರುಕಾಳಿನಷ್ಟು ಮಾತ್ರ. ಅದನ್ನು ಎರಡು ಚಮಚ ಬಿಸಿನೀರಿನಲ್ಲಿ ನೆನೆಸಿ ಕಿವುಚಿ, ಕುದಿಯುವ ಸಾರಿಗೆ ಹಾಕಬೇಕು. ಹೆಚ್ಚಾದರೆ ಅಡಿಗೆ ಕಹಿಯಾಗುತ್ತದೆ.

ಒಗ್ಗರಣೆಯ ಕ್ರಮ ಹೀಗಿರಲಿ: ಎಣ್ಣೆ ಕಾದ ಮೇಲೆ ಸಾಸಿವೆ, ಅದು ಚಟಗುಟ್ಟಿದ ನಂತರ ಜೀರಿಗೆ, ಆಮೇಲೆ ಉದ್ದಿನಬೇಳೆ, ಒಣಮೆಣಸಿನಕಾಯಿ, ಬೇಳೆ ಕೆಂಪಾದಾಗ ಉರಿ ತಗ್ಗಿಸಿ ಇಂಗು, ಮರುಕ್ಷಣವೇ ಕರಿಬೇವು. ಕೂಡಲೇ ಒಗ್ಗರಣೆಯನ್ನು ಸಾರಿಗೆ ಹಾಕಿ ಮುಚ್ಚಳ ಮುಚ್ಚಬೇಕು. ಐದು ನಿಮಿಷ ಮುಚ್ಚಿಟ್ಟರೆ ಪರಿಮಳ ಸಾರಿನಲ್ಲಿಯೇ ನಿಲ್ಲುತ್ತದೆ.

ಮನೆಯಲ್ಲೇ ಮಾಡುವ ಸಾರಿನ ಪುಡಿ

ಬೇಕಾಗುವ ಸಾಮಗ್ರಿಗಳು: ಕೊತ್ತಂಬರಿ ಬೀಜ 100 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 50 ಗ್ರಾಂ, ಜೀರಿಗೆ 25 ಗ್ರಾಂ, ಕಡಲೆಬೇಳೆ 25 ಗ್ರಾಂ, ಉದ್ದಿನಬೇಳೆ 25 ಗ್ರಾಂ, ಕರಿಮೆಣಸು 10 ಗ್ರಾಂ, ಮೆಂತ್ಯ 5 ಗ್ರಾಂ, ಕರಿಬೇವು ಒಂದು ಹಿಡಿ, ಅರಿಶಿನ ಅರ್ಧ ಚಿಕ್ಕ ಚಮಚ, ಪುಡಿ ಇಂಗು ಒಂದು ಚಿಕ್ಕ ಚಮಚ.

ಮಾಡುವ ವಿಧಾನ: ಅರಿಶಿನ, ಇಂಗು ಬಿಟ್ಟು ಉಳಿದವನ್ನು ಬೇರೆ ಬೇರೆಯಾಗಿ ಹುರಿಯಿರಿ. ಕರಿಬೇವು ಗರಿಗರಿಯಾಗುವವರೆಗೆ ಹುರಿಯಬೇಕು. ಹಸಿ ಉಳಿದರೆ ಪುಡಿ ಬೂಷ್ಟು ಹಿಡಿಯುತ್ತದೆ. ಮೆಂತ್ಯ ಕಪ್ಪಾದರೆ ಕಹಿ. ಎಲ್ಲವೂ ಪೂರ್ಣ ಆರಿದ ಮೇಲೆ ಪುಡಿ ಮಾಡಿ, ಅರಿಶಿನ, ಇಂಗು ಬೆರೆಸಿ, ಒಣಗಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿ. ಆರು ಜನರ ಸಾರಿಗೆ ಎರಡು ದೊಡ್ಡ ಚಮಚ ಸಾಕು. ಒಂದು ತಿಂಗಳಲ್ಲಿ ಮುಗಿಯುವಷ್ಟನ್ನೇ ಮಾಡುವುದು ಒಳ್ಳೆಯದು. ಬೆಳಗಿನಿಂದ ಸಂಜೆಯವರೆಗೆ ಹೊಲದಲ್ಲಿರುವ ಹೆಂಗಸರಿಗೆ ಈ ಪುಡಿಯಿಂದ ಶ್ರಮವೂ ಸಮಯವೂ ಉಳಿಯುತ್ತವೆ.

ಕೆಲವು ಅಡಿಗೆಗಳು

ಕೆಳಗಿನ ಪ್ರಮಾಣಗಳು ಆರು ಜನರ ಸಂಸಾರಕ್ಕೆ.

1. ಹುರುಳಿಕಾಳು-ಸೊಪ್ಪಿನ ಬಸ್ಸಾರು

ಸಾಮಗ್ರಿಗಳು: ಹುರುಳಿಕಾಳು 200 ಗ್ರಾಂ, ದಂಟು, ಹರಿವೆ, ಸಬ್ಬಸಿಗೆ ಮುಂತಾದ ಬೆರಕೆಸೊಪ್ಪು 500 ಗ್ರಾಂ, ತೆಂಗಿನ ತುರಿ ಅರ್ಧ ಬಟ್ಟಲು, ಕೊತ್ತಂಬರಿ ಬೀಜ ಎರಡು ದೊಡ್ಡ ಚಮಚ, ಜೀರಿಗೆ ಒಂದು ಚಿಕ್ಕ ಚಮಚ, ಕರಿಮೆಣಸು 8ರಿಂದ 10 ಕಾಳು, ಒಣಮೆಣಸಿನಕಾಯಿ 5 ಅಥವಾ 6, ಶುಂಠಿ ಅರ್ಧ ಅಂಗುಲ, ಸಣ್ಣ ನಿಂಬೆ ಗಾತ್ರದ ಹುಣಸೆಹಣ್ಣು, ಒಂದು ನಿಂಬೆಹಣ್ಣು, ಉಪ್ಪು, ಒಗ್ಗರಣೆಗೆ ಎಣ್ಣೆ, ಸಾಸಿವೆ, ಇಂಗು, ಕರಿಬೇವು.

ವಿಧಾನ: ಕಾಳನ್ನು ಹಿಂದಿನ ರಾತ್ರಿಯೇ ನೆನೆಸಿ. ಸುಮಾರು ಒಂದೂವರೆ ಲೀಟರ್ ನೀರಿನಲ್ಲಿ ಬೇಯಿಸಿ. ಕಾಳು ಮೆತ್ತಗಾದ ಮೇಲೆ, ತೊಳೆದು ಹೆಚ್ಚಿದ ಸೊಪ್ಪು ಮತ್ತು ಉಪ್ಪು ಹಾಕಿ ಐದಾರು ನಿಮಿಷ ಬೇಯಿಸಿ ಕಟ್ಟನ್ನು ಬಸಿಯಿರಿ. ಸೊಪ್ಪನ್ನು ಹೆಚ್ಚಿದ ನಂತರ ತೊಳೆದರೆ ಸತ್ವ ನೀರುಪಾಲಾಗುತ್ತದೆ, ತೊಳೆದೇ ಹೆಚ್ಚಬೇಕು. ಕೊತ್ತಂಬರಿ, ಜೀರಿಗೆ, ಮೆಣಸು, ಮೆಣಸಿನಕಾಯಿ ಹುರಿದುಕೊಳ್ಳಿ. ಅದೇ ಬಾಣಲೆಯಲ್ಲಿ ತೆಂಗಿನ ತುರಿಯನ್ನು ಕೆಂಪಗೆ ಹುರಿಯಿರಿ. ಇವುಗಳೊಂದಿಗೆ ಶುಂಠಿ, ಹುಣಸೆಹಣ್ಣು ಮತ್ತು ಬೆಂದ ಕಾಳು ಮೂರು ದೊಡ್ಡ ಚಮಚ ಸೇರಿಸಿ ನುಣ್ಣಗೆ ಅರೆಯಿರಿ. ಕಟ್ಟಿಗೆ ಬೆರೆಸಿ ಎಂಟು ಹತ್ತು ನಿಮಿಷ ಕುದಿಸಿ ಇಂಗಿನ ಒಗ್ಗರಣೆ ಕೊಡಿ. ಉಳಿದ ಕಾಳು, ಸೊಪ್ಪಿಗೆ ಬೇರೆ ಒಗ್ಗರಣೆ ಕೊಟ್ಟು, ಇಳಿಸಿದ ಮೇಲೆ ನಿಂಬೆರಸ ಹಿಂಡಿದರೆ ಪಲ್ಯ ಸಿದ್ಧ. ಒಂದೇ ಬೇಯಿಸುವಿಕೆಯಲ್ಲಿ ಮುದ್ದೆಗೆ ಸಾರು, ನೆಂಚಿಕೊಳ್ಳಲು ಪಲ್ಯ ಎರಡೂ ಆಗುತ್ತವೆ.

2. ತುಂಬಿದ ಬದನೆಕಾಯಿ

ಸಾಮಗ್ರಿಗಳು: ಎಳೆ ಬದನೆಕಾಯಿ 500 ಗ್ರಾಂ, ಶೇಂಗಾ 75 ಗ್ರಾಂ, ಎಳ್ಳು ಮತ್ತು ಗುರೆಳ್ಳು ತಲಾ ಎರಡು ದೊಡ್ಡ ಚಮಚ, ಒಣಕೊಬ್ಬರಿ ತುರಿ ಮೂರು ದೊಡ್ಡ ಚಮಚ, ಕೊತ್ತಂಬರಿ ಪುಡಿ ಒಂದು ದೊಡ್ಡ ಚಮಚ, ಜೀರಿಗೆ ಒಂದು ಚಿಕ್ಕ ಚಮಚ, ಖಾರದ ಪುಡಿ ಎರಡು ಚಿಕ್ಕ ಚಮಚ, ಬೆಲ್ಲ, ಹುಣಸೆರಸ, ಅರಿಶಿನ, ಇಂಗು, ಉಪ್ಪು, ಎಣ್ಣೆ ಮೂರು ದೊಡ್ಡ ಚಮಚ.

ವಿಧಾನ: ದಕ್ಷಿಣದ ಜಿಲ್ಲೆಗಳಲ್ಲಿ ಹುಚ್ಚೆಳ್ಳು ಎನ್ನುವುದೇ ಉತ್ತರದ ಗುರೆಳ್ಳು. ಶೇಂಗಾ, ಎಳ್ಳು, ಗುರೆಳ್ಳು, ಕೊಬ್ಬರಿ, ಜೀರಿಗೆಗಳನ್ನು ಬೇರೆ ಬೇರೆಯಾಗಿ ಹುರಿದು ತರಿತರಿಯಾಗಿ ಪುಡಿ ಮಾಡಿ. ಕೊತ್ತಂಬರಿ ಪುಡಿ, ಖಾರ, ಬೆಲ್ಲ, ಅರಿಶಿನ, ಉಪ್ಪು, ಹುಣಸೆರಸ ಕೂಡಿಸಿ ಗಟ್ಟಿಯಾಗಿ ಕಲಸಿ. ಬದನೆಕಾಯಿಯನ್ನು ತೊಟ್ಟು ಬಿಡದಂತೆ ನಾಲ್ಕಾಗಿ ಸೀಳಿ ಮಸಾಲೆ ತುಂಬಿ. ಎಣ್ಣೆಗೆ ಸಾಸಿವೆ, ಇಂಗು, ಕರಿಬೇವು ಹಾಕಿ, ಕಾಯಿಗಳನ್ನು ಜೋಡಿಸಿ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ನಡುವೆ ಒಮ್ಮೆ ತಿರುವಿ ಹಾಕಿ. ಉಳಿದ ಮಸಾಲೆಗೆ ಒಂದು ಬಟ್ಟಲು ನೀರು ಬೆರೆಸಿ ಸುರಿದು, ಎಣ್ಣೆ ಮೇಲೆ ತೇಲುವವರೆಗೆ ಕುದಿಸಿ. ಜೋಳದ ರೊಟ್ಟಿಗೆ ಇದು ಒಳ್ಳೆಯ ಜೊತೆ. ಬದನೆಕಾಯಿ ಬಿಡುವ ಮನೆಗಳಲ್ಲಿ ಎಳೆ ಹೀರೆಕಾಯಿ ಅಥವಾ ತೊಂಡೆಕಾಯಿ ಬಳಸಬಹುದು.

ಎಚ್ಚರಿಕೆ: ಬೂಷ್ಟು ಹಿಡಿದ, ಬಣ್ಣಗೆಟ್ಟ, ಮುರುಟಿದ ಶೇಂಗಾ ಬೀಜಗಳನ್ನು ಆರಿಸಿ ಎಸೆಯಬೇಕು. ಬೂಷ್ಟಿನಿಂದ ಉಂಟಾಗುವ ವಿಷ ಮನೆಯಲ್ಲಿ ಹುರಿಯುವುದರಿಂದ ಪೂರ್ತಿ ಹೋಗುವುದಿಲ್ಲ.

3. ಬೂದುಗುಂಬಳದ ಮಜ್ಜಿಗೆಹುಳಿ

ಸಾಮಗ್ರಿಗಳು: ಬೂದುಗುಂಬಳ 500 ಗ್ರಾಂ, ಸ್ವಲ್ಪ ಹುಳಿ ಬಂದ ಮೊಸರು ಅರ್ಧ ಲೀಟರ್, ಕಡಲೆಬೇಳೆ ಎರಡು ದೊಡ್ಡ ಚಮಚ, ತೆಂಗಿನ ತುರಿ ಅರ್ಧ ಬಟ್ಟಲು, ಹಸಿಮೆಣಸಿನಕಾಯಿ 4, ಶುಂಠಿ ಅರ್ಧ ಅಂಗುಲ, ಜೀರಿಗೆ ಒಂದು ಚಿಕ್ಕ ಚಮಚ, ಸಾಸಿವೆ ಅರ್ಧ ಚಿಕ್ಕ ಚಮಚ, ಅರಿಶಿನ, ಉಪ್ಪು, ಒಗ್ಗರಣೆ ಸಾಮಾನು.

ವಿಧಾನ: ಕಡಲೆಬೇಳೆಯನ್ನು ಒಂದು ಗಂಟೆ ನೆನೆಸಿ, ತೆಂಗಿನ ತುರಿ, ಮೆಣಸಿನಕಾಯಿ, ಶುಂಠಿ, ಜೀರಿಗೆ, ಸಾಸಿವೆಯೊಂದಿಗೆ ನುಣ್ಣಗೆ ಅರೆಯಿರಿ. ಹೋಳುಗಳನ್ನು ಅರಿಶಿನ, ಉಪ್ಪಿನೊಂದಿಗೆ ಸ್ವಲ್ಪವೇ ನೀರಿನಲ್ಲಿ ಬೇಯಿಸಿ, ಅರೆದದ್ದನ್ನು ಹಾಕಿ ಐದು ನಿಮಿಷ ಕುದಿಸಿ. ಉರಿ ತಗ್ಗಿಸಿ, ಕಡೆದ ಮೊಸರು ಸೇರಿಸಿ ಕೈಯಾಡಿಸುತ್ತಿರಿ. ಉಕ್ಕು ಬರುವ ಹೊತ್ತಿಗೆ ಇಳಿಸಿ ಇಂಗಿನ ಒಗ್ಗರಣೆ ಕೊಡಿ. ಜೋರಾಗಿ ಕುದಿಸಿದರೆ ಮೊಸರು ಒಡೆಯುತ್ತದೆ. ಸೋರೆಕಾಯಿ, ಸೌತೆಕಾಯಿಯಿಂದಲೂ ಹೀಗೆಯೇ ಮಾಡಬಹುದು.

4. ಹೆಸರುಬೇಳೆ ತೊವ್ವೆ

ಹೊಲದಿಂದ ತಡವಾಗಿ ಬಂದ ದಿನ ಅರ್ಧ ಗಂಟೆಯೊಳಗೆ ಆಗುವ ಅಡಿಗೆಯಿದು. ಹೆಸರುಬೇಳೆ 200 ಗ್ರಾಂ ತೊಳೆದು, ಅರಿಶಿನ ಮತ್ತು ಒಂದು ಹಿಡಿ ನುಗ್ಗೆಸೊಪ್ಪಿನೊಂದಿಗೆ ಬೇಯಿಸಿ. ಉಪ್ಪು, ಜಜ್ಜಿದ ಶುಂಠಿ, ಸೀಳಿದ ಹಸಿಮೆಣಸಿನಕಾಯಿ ಹಾಕಿ ಕುದಿಸಿ, ಜೀರಿಗೆ, ಇಂಗಿನ ಒಗ್ಗರಣೆ ಕೊಡಿ. ಇಳಿಸಿ ನಿಂಬೆರಸ ಹಿಂಡಿ. ಚಿಕ್ಕ ಮಕ್ಕಳಿಗೂ ವಯಸ್ಸಾದವರಿಗೂ ಸುಲಭವಾಗಿ ಜೀರ್ಣವಾಗುತ್ತದೆ.

ವಾರದ ರಾತ್ರಿ ಊಟಕ್ಕೆ ಒಂದು ಮಾದರಿ

ಸೋಮವಾರ: ಮುದ್ದೆ, ಹುರುಳಿ ಬಸ್ಸಾರು, ಸೊಪ್ಪಿನ ಪಲ್ಯ.
ಮಂಗಳವಾರ: ಅನ್ನ, ಮಜ್ಜಿಗೆಹುಳಿ, ಬೀನ್ಸ್ ಪಲ್ಯ.
ಬುಧವಾರ: ಜೋಳದ ರೊಟ್ಟಿ, ತುಂಬಿದ ಬದನೆಕಾಯಿ, ಮೊಸರು.
ಗುರುವಾರ: ಮುದ್ದೆ, ಮೊಳಕೆ ಹೆಸರುಕಾಳಿನ ಸಾರು.
ಶುಕ್ರವಾರ: ಅನ್ನ, ಸಿಹಿಗುಂಬಳ ಹಾಕಿದ ತೊಗರಿಬೇಳೆ ಹುಳಿ, ಮಜ್ಜಿಗೆ.
ಶನಿವಾರ: ಚಪಾತಿ ಅಥವಾ ರೊಟ್ಟಿ, ನುಗ್ಗೆಸೊಪ್ಪಿನ ತೊವ್ವೆ.
ಭಾನುವಾರ: ಮುದ್ದೆ ಅಥವಾ ಅನ್ನ, ಅಲಸಂದೆಕಾಳು-ಹೀರೆಕಾಯಿ ಸಾರು, ಸೌತೆಕಾಯಿ ಕೋಸಂಬರಿ.

ಬಹುತೇಕ ಪ್ರತಿ ದಿನವೂ ಒಂದು ಧಾನ್ಯ, ಒಂದು ಬೇಳೆ, ಕಾಳು ಅಥವಾ ಎಣ್ಣೆಕಾಳು, ಒಂದು ಸೊಪ್ಪು ಅಥವಾ ತರಕಾರಿ ಇರುವುದನ್ನು ಗಮನಿಸಿ. ಮನೆಯಲ್ಲಿ ಬೆಳೆದದ್ದಕ್ಕೆ ತಕ್ಕಂತೆ ದಿನಗಳನ್ನು ಬದಲಿಸಿಕೊಳ್ಳಬಹುದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ರುಚಿ ಕಡಿಮೆಯಾಯಿತೆಂದು ಖಾರ, ಎಣ್ಣೆ, ಉಪ್ಪು ಹೆಚ್ಚಿಸುವುದು ಮೊದಲ ತಪ್ಪು. ಆಗ ಅಡಿಗೆ ತೀಕ್ಷ್ಣವಾಗುತ್ತದೆಯೇ ಹೊರತು ರುಚಿಯಾಗುವುದಿಲ್ಲ, ಆರೋಗ್ಯಕ್ಕೂ ಹಿತವಲ್ಲ. ಸಪ್ಪೆ ಎನಿಸಿದರೆ ಮೊದಲು ಹುಳಿ ನೋಡಿ, ಅನಂತರ ಸ್ವಲ್ಪ ಬೆಲ್ಲ, ಆಮೇಲೆ ಒಗ್ಗರಣೆ. ಎಲ್ಲ ಅಡಿಗೆಗೂ ಒಂದೇ ಮಸಾಲೆ ಹಾಕುವುದು ಎರಡನೆಯ ತಪ್ಪು. ಕಾಳಿಗೆ ಹುರಿದ ಕೊಬ್ಬರಿ, ಬೇಳೆಗೆ ಇಂಗು-ಜೀರಿಗೆ, ತರಕಾರಿಗೆ ಎಳ್ಳು-ಶೇಂಗಾ, ಮಜ್ಜಿಗೆಗೆ ಶುಂಠಿ-ಸಾಸಿವೆ ಹೊಂದುತ್ತವೆ. ಬೇಳೆ ಬೇಯಿಸಿದ ನೀರನ್ನು ಚೆಲ್ಲುವುದು ಮೂರನೆಯದು. ಸತ್ವದ ಜೊತೆಗೆ ರುಚಿಯೂ ಅದರಲ್ಲಿಯೇ ಇರುತ್ತದೆ.

ಹಿತ್ತಲಿನಲ್ಲಿ ಏನೇನಿರಬೇಕು?

ಇಂಗು ಮತ್ತು ಕೆಲವು ಸಾಂಬಾರ ಪದಾರ್ಥಗಳನ್ನು ಬಿಟ್ಟರೆ ಮೇಲೆ ಹೇಳಿದ ಬಹಳಷ್ಟು ಪದಾರ್ಥಗಳನ್ನು ರೈತರು ತಾವೇ ಬೆಳೆಯಬಹುದು. ಬಚ್ಚಲ ನೀರು ಹರಿಯುವ ಕಡೆ ಒಂದು ಕರಿಬೇವು, ಒಂದು ನುಗ್ಗೆ, ಒಂದು ನಿಂಬೆ ಗಿಡವಿದ್ದರೆ ವರ್ಷವಿಡೀ ಉಪಯೋಗವಾಗುತ್ತದೆ. ಶುಂಠಿಯನ್ನು ಏಪ್ರಿಲ್-ಮೇ ತಿಂಗಳಲ್ಲಿ, ನೀರು ನಿಲ್ಲದ ಏರುಮಡಿಯಲ್ಲಿ ಅಥವಾ ಗೊಬ್ಬರ ಬೆರೆಸಿದ ಮಣ್ಣು ತುಂಬಿದ ಹಳೆಯ ಚೀಲದಲ್ಲಿ ನೆಡಬಹುದು. ಕೊತ್ತಂಬರಿ, ಮೆಂತ್ಯ, ದಂಟುಗಳನ್ನು ಹದಿನೈದು ದಿನಕ್ಕೊಮ್ಮೆ ಒಂದೊಂದು ಮಡಿ ಬಿತ್ತಿದರೆ ಸೊಪ್ಪು ತಪ್ಪುವುದಿಲ್ಲ. ರಾಗಿಯ ಹೊಲದಲ್ಲಿ ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕುವ ಹಳೆಯ ಪದ್ಧತಿಯನ್ನು ಬಿಟ್ಟವರು ಮನೆಬಳಕೆಗಾದರೂ ಮತ್ತೆ ಆರಂಭಿಸುವುದು ಲಾಭದಾಯಕ. ಈರುಳ್ಳಿ ದುಬಾರಿಯಾಗುವ ಮಳೆಗಾಲದ ತಿಂಗಳುಗಳೇ ಹೊಲದ ಬದುಗಳಲ್ಲಿ ಬೆರಕೆಸೊಪ್ಪು ಹುಲುಸಾಗಿ ಸಿಗುವ ಕಾಲ ಎಂಬುದನ್ನು ಮರೆಯಬಾರದು.

ವಿಸ್ತರಣಾ ಕಾರ್ಯಕರ್ತರಿಗೆ

ಈ ವಿಷಯವನ್ನು ಭಾಷಣದಿಂದ ತಿಳಿಸುವುದಕ್ಕಿಂತ ಪ್ರಾತ್ಯಕ್ಷಿಕೆಯಿಂದ ತೋರಿಸುವುದು ಪರಿಣಾಮಕಾರಿ. ಮಹಿಳಾ ಸಂಘದ ಸಭೆಯಲ್ಲಿ ಒಂದೇ ಕಾಳಿನ ಸಾರನ್ನು ಎರಡು ಪಾತ್ರೆಗಳಲ್ಲಿ ಮಾಡಿಸಿ. ಒಂದಕ್ಕೆ ಈರುಳ್ಳಿ, ಬೆಳ್ಳುಳ್ಳಿ. ಇನ್ನೊಂದಕ್ಕೆ ಹುರಿದ ಕೊಬ್ಬರಿ, ಅರೆದ ಕಾಳು ಮತ್ತು ಇಂಗು. ಯಾವುದು ಯಾವುದೆಂದು ಹೇಳದೆ ರುಚಿ ನೋಡಲು ಕೊಡಿ. ಅನಂತರ ಎರಡರ ಖರ್ಚನ್ನೂ ಅಂದಿನ ಸಂತೆಯ ಬೆಲೆಯಲ್ಲಿ ಲೆಕ್ಕ ಹಾಕಿಸಿ. ಆಯಾ ಮನೆಯ ಪದ್ಧತಿಯನ್ನು ಟೀಕಿಸದೆ, ಅದರೊಳಗೇ ಬೇಳೆ, ಸೊಪ್ಪು ಹೆಚ್ಚಿಸುವ ದಾರಿಯನ್ನು ತೋರಿಸಬೇಕು.

ಒಟ್ಟಿನಲ್ಲಿ, ಈರುಳ್ಳಿ ಇದ್ದರೆ ಸಂತೋಷ, ಇಲ್ಲದಿದ್ದರೆ ಚಿಂತೆಯಿಲ್ಲ ಎನ್ನುವಂತಿರಬೇಕು ಅಡಿಗೆಮನೆ. ಸಂತೆಯಲ್ಲಿ ಅದರ ಬೆಲೆ ಎಷ್ಟೇ ಏರಲಿ, ರಾತ್ರಿಯ ಸಾರಿನಲ್ಲಿ ಬೇಳೆಯ ಅಳತೆ ಇಳಿಯದಂತೆ ನೋಡಿಕೊಳ್ಳುವುದೇ ಮುಖ್ಯ.